ನಯವಾದ ಗೆರೆ

ಆದೆಪ್ಪ ಗುಡ್ಡದ ಮೇಲಿದ್ದ, ಕರಡಿ ಅವನು ಇಳಿಯುವ ದಾರಿಯಲ್ಲಿತ್ತು, ಈ ಸುದ್ದಿಯನ್ನು ಅವನಿಗೆ ಮುಟ್ಟಿಸಬೇಕಾದ ವಾಕಿಟಾಕಿ ಬರೀ ಚಟಚಟ ಎನ್ನುತ್ತಿತ್ತು.

ಕನಕಗಿರಿ ಕಡೆಯ ಆ ಗುಡ್ಡದ ಬುಡದಲ್ಲಿ ಅರಣ್ಯ ಇಲಾಖೆಯ ಒಂದು ಕೋಣೆಯ ಚೌಕಿ. ಯಾರ ಮಾತಾದರೂ ಅದರ ಕಂಬದ ಆಂಟೆನಾ ಹಾದೇ ಗುಡ್ಡ ಹತ್ತಬೇಕು. ಫಾರೆಸ್ಟರ್ ಪ್ರಭುರಾಜ ವಾಕಿಟಾಕಿ ಸೆಟ್ಟಿನಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದರು. ಮರಿ ಕಟ್ಟಿಕೊಂಡ ಕರಡಿ ಸೀತಾಫಲದ ಪೊದೆಗೆ ಬಂದದ್ದನ್ನು ದುರ್ಬೀನಿನಲ್ಲಿ ಕಂಡವರೂ ಅವರೇ. ಬಳಸುದಾರಿಯಲ್ಲಿ ಇಬ್ಬರನ್ನು ಅಟ್ಟಿದ್ದರು, ಆದರೆ ಅವರು ಮುಟ್ಟುವಷ್ಟರಲ್ಲಿ ಕತ್ತಲು. ವಾಚರ್ ಆದೆಪ್ಪನೋ, ಹೊತ್ತು ಮುಳುಗುವ ಮುಂಚೆ ಇಳಿದುಬಿಡುವ ಮನುಷ್ಯ. ಮೊಬೈಲ್ ಸಿಗ್ನಲ್ ಅಲ್ಲಿಲ್ಲ.

ವಾರದಿಂದ ಸಂಜೆಯಾದರೆ ಸೆಟ್ಟುಗಳು ಹೀಗೇ ಕೆಡುತ್ತಿದ್ದವು. ಕೊಪ್ಪಳದಿಂದ ಬಂದ ವೈರ್‌ಲೆಸ್ ಟೆಕ್ನಿಷಿಯನ್ ನೇತ್ರಾವತಿ ನಿನ್ನೆ ಸಂಜೆ ಇಲ್ಲೇ ಸ್ಪೆಕ್ಟ್ರಮ್ ಅನಲೈಸರ್ ಇಟ್ಟು, ಗಾಳಿಯಲ್ಲಿ ಯಾವ ತರಂಗ ಅಡ್ಡ ಬರುತ್ತಿದೆ ಎಂದು ನೋಡಿ, ಏನೂ ಇಲ್ಲ, ಬ್ಯಾಟರಿ ಬದಲಿಸಿ ಸಾಕು ಎಂದಿದ್ದಳು. ಆ ಮಾತು ನಂಬಿ ಆದೆಪ್ಪ ಇವತ್ತು ಒಬ್ಬನೇ ಹತ್ತಿದ್ದ.

ಸುದ್ದಿ ಕೇಳಿ ಓಡಿಬಂದ ಅವನ ಹೆಂಡತಿ ಹುಲಿಗವ್ವ, ಚೌಕಿಯಲ್ಲಿ ಮತ್ತೆ ಯಂತ್ರ ಹಚ್ಚಿ ಕೂತಿದ್ದ ನೇತ್ರಾವತಿಯ ಮುಂದೆ ನೇರ ಬಂದು ನಿಂತಳು. "ಯವ್ವಾ, ಎಲ್ಲಾ ಛಲೋ ಐತಿ ಅಂತ ನೀನ ಅಂದಿದ್ದಿಯಂತಲ್ಲ," ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ನೇತ್ರಾವತಿ ಪರದೆ ನೋಡಿದಳು. ಇವತ್ತೂ ಅದೇ ಗೆರೆ, ಒರೆಸಿಟ್ಟ ಹಂಚಿನಷ್ಟು ನಯ. ಕಿವಿಯ ಪಕ್ಕದಲ್ಲೇ ಸೆಟ್ಟು ಚಟಗುಟ್ಟುತ್ತಿದೆ, ಈ ಪುಣ್ಯಾತ್ಮ ಯಂತ್ರ ಏನೂ ಇಲ್ಲ ಎನ್ನುತ್ತಿದೆ! ಆಗ ಹೊಳೆಯಿತು. ಗೆರೆ ಕುಣಿದರೆ ಕಣ್ಣಿಗೆ ಕಿರಿಕಿರಿ ಎಂದು ಅವಳು ಯಾವಾಗಲೂ ತರಂಗ ಅಳೆಯುವ ಡಿಟೆಕ್ಟರನ್ನೂ ಗೆರೆ ಬರೆಯುವ ಟ್ರೇಸನ್ನೂ ಆವರೇಜಿನಲ್ಲೇ ಇಡುತ್ತಿದ್ದಳು. ಆಗೊಮ್ಮೆ ಈಗೊಮ್ಮೆ ಮಿಂಚಿ ಮಾಯವಾಗುವುದನ್ನು ಅಷ್ಟೊಂದು ಮೌನದ ಜೊತೆ ಕಲಸಿ ಸರಾಸರಿ ತೆಗೆದರೆ ಏನು ಉಳಿದೀತು, ಮಣ್ಣು? ಚೆಂದದ ಗೆರೆಯ ಆಸೆಗೆ ಒಬ್ಬ ಮನುಷ್ಯನನ್ನು ಕರಡಿಯ ಬಾಯಿಗೆ ಕಳಿಸಿದೆನಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು.

ಡಿಟೆಕ್ಟರನ್ನು ಪೀಕ್‌ಗೆ, ಟ್ರೇಸನ್ನು ಮ್ಯಾಕ್ಸ್ ಹೋಲ್ಡ್‌ಗೆ ಹಾಕಿದಳು. ಅಂದರೆ, ಎತ್ತರದ್ದನ್ನೇ ಹಿಡಿ, ಹಿಡಿದದ್ದನ್ನು ಬಿಡಬೇಡ. ಗೆರೆಯಿಂದ ಒಂದು ಚೂಪು ಮೊಳೆ ಎದ್ದಿತು. ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತ ಪರದೆ ತುಂಬ ಮೊಳೆ. ಕಳ್ಳ ಸಿಕ್ಕ, ಆದರೆ ಎಲ್ಲಿದ್ದಾನೆ? ದಿಕ್ಕು ಹಿಡಿಯುವ ಕೈಯ ಆಂಟೆನಾ ಅತ್ತ ತಿರುಗಿಸಿದರೂ ಅಷ್ಟೇ, ಇತ್ತ ತಿರುಗಿಸಿದರೂ ಅಷ್ಟೇ. ಹಿಡಿದದ್ದನ್ನು ಬಿಡದ ಟ್ರೇಸು ಇಳಿಯುವುದಾದರೂ ಹೇಗೆ! ಪೀಕ್ ಹಾಗೇ ಬಿಟ್ಟು, ಹಳೆಯದನ್ನು ಅಳಿಸಿ ಹೊಸದು ಬರೆಯಲಿ ಎಂದು ಟ್ರೇಸನ್ನು ಕ್ಲಿಯರ್ ರೈಟ್‌ಗೆ ತಂದಳು. ಈಗ ಮೊಳೆ ಏಳುತ್ತ ಬೀಳುತ್ತ ಇತ್ತು. ಗುಡ್ಡದ ಕಡೆ ಗಿಡ್ಡ, ಹೊಲಗಳ ಕಡೆ ಎತ್ತರ.

ಯಂತ್ರ ಎತ್ತಿಕೊಂಡು, ಒಂದು ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲಗಳತ್ತ ಓಡಿದಳು. ಹುಲಿಗವ್ವ ಅವಳ ಬೆನ್ನಿಗೇ. ಬದು ದಾಟಿದಷ್ಟೂ ಮೊಳೆ ಬೆಳೆಯಿತು, ಒಂದು ಶೇಂಗಾ ಹೊಲದ ಅಂಚಿನಲ್ಲಿ ಪರದೆಯ ನೆತ್ತಿ ಮುಟ್ಟಿತು. ಹಂದಿ ಬರದಂತೆ ಎಳೆದ, ಮುಟ್ಟಿದರೆ ಕರೆಂಟು ಹೊಡೆಯುವ ಝಟಕಾ ತಂತಿ ಅಲ್ಲಿತ್ತು. ಜಾಲಿಯ ಟೊಂಗೆ ತಾಗಿದಲ್ಲಿ ಚಟ್ ಎಂದು ಕಿಡಿ, ತುಸು ಬಿಟ್ಟು ಮತ್ತೆ ಚಟ್, ಸೊಂಟದ ಸೆಟ್ಟಿನಲ್ಲೂ ಅದೇ ತಾಳಕ್ಕೆ ಚಟ್. ಇದು ಯಾರ ಹೊಲ ಎಂದು ಕೇಳಲು ತಿರುಗಿದರೆ ಹುಲಿಗವ್ವನ ಮುಖದಲ್ಲಿ ರಕ್ತವಿರಲಿಲ್ಲ.

"ನಮ್ದ ಐತಿ," ಎಂದಳು. "ಹ್ವಾದ ವಾರ ನಮ್ಮನಿಯವರ ಹಾಕ್ಯಾರ. ಬರೋ ಮುಂದ ನಾನ ಚಾಲೂ ಮಾಡಿ ಬಂದೀನಿ."

ತಂತಿಗೆ ಕರೆಂಟು ಕೊಡುವ ಡಬ್ಬಿಯ ಗುಂಡಿ ಆರಿಸಿದ್ದೂ ಅವಳೇ. ಮೊಳೆ ಬಿತ್ತು, ಮತ್ತೆ ಏಳಲಿಲ್ಲ. ಸೊಂಟದ ಸೆಟ್ಟಿನಲ್ಲಿ ಪ್ರಭುರಾಜರ ದನಿ ಸ್ವಚ್ಛವಾಗಿ ಕೇಳಿತು. ಇಳಿಯಬೇಡ, ಕೆಳಗೆ ಕರಡಿ ಇದೆ ಎನ್ನುತ್ತಿದ್ದರು. ಮತ್ತೆ ಕರೆದರು. ನೇತ್ರಾವತಿ ಸೆಟ್ಟನ್ನು ಸೊಂಟದಿಂದ ತೆಗೆದು ದನಿ ಏರಿಸಿದಳು.

ಕೊನೆಗೆ ಆದೆಪ್ಪ ಮಾತಾಡಿದ. ಅರ್ಧ ದಾರಿ ಇಳಿದಿದ್ದನಂತೆ, ವಾಪಸು ಬಂಡೆ ಹತ್ತುತ್ತಿದ್ದಾನಂತೆ. "ಹುಲಿಗಿಗೆ ಹೇಳ್ರಿ ಸಾಹೇಬ್ರ, ಹೊತ್ತಾತು, ಝಟಕಾ ಚಾಲೂ ಮಾಡು ಅಂತ. ಹಂದಿ ಬಂದ್ರ ಶೇಂಗಾ ಉಳಿಯಂಗಿಲ್ಲ."

ಹುಲಿಗವ್ವ ನೇತ್ರಾವತಿಯಿಂದ ಸೆಟ್ಟು ಕಸಿದುಕೊಂಡು, ಯಾವ ಗುಂಡಿ ಎಂದು ಕೇಳಿ ಒತ್ತಿದಳು.

"ತಿಂದ್ರ ತಿನ್ನಲಿ," ಎಂದಳು. "ನೀ ಇಳದ್ರ ನೋಡು ಮತ್ತ."