ಪಚ್ಚೆಯ ಕಾಲನ್ನು ಯಾರೂ ಮುಟ್ಟಬಾರದು

ನಮ್ಮ ಮಾವ ವೆಂಕಟೇಶಪ್ಪನವರ ಕೈಗೆ ಅವಲಪಲ್ಲಿಯ ಸುತ್ತಮುತ್ತ ಒಂದು ಬೆಲೆಯಿದೆ. ಹಸು ಕೊಳ್ಳುವವರು, ಕರು ಸೊರಗಿತೆಂದು ಹೆದರಿದವರು ಬೆಳಿಗ್ಗೆ ನಮ್ಮ ಜಗಲಿಗೆ ಬರುತ್ತಾರೆ. ಮಾವ ಬಾಲದ ಬುಡ, ತೊಡೆ, ದವಡೆ ಮೂರನ್ನೂ ಒತ್ತಿ ನೋಡಿ ಒಂದು ಮಾತು ಹೇಳುತ್ತಾರೆ. ಆ ಮಾತಾದ ಮೇಲೆ ಬೇರೆಯವರು ಬಾಯಿ ತೆರೆಯುವುದಿಲ್ಲ.

ಆ ಭಾನುವಾರ ಅವರು ಅದೇ ಕೈಯಿಂದ ನನ್ನ ಇಗ್ವಾನಾ ಪಚ್ಚೆಯನ್ನು ಒತ್ತಿ ನೋಡಿದರು. ಪಕ್ಕದ ಮನೆಯ ಆವುಲಪ್ಪ ಹತ್ತಿರ ಕೂತಿದ್ದ.

"ನೋಡ್ಲಾ ಆವುಲಪ್ಪ, ತೊಡೆ ಎಂಗೆ ತುಂಬ್ಕಂಡೈತೆ! ಈ ದವಡೆ ನೋಡು. ಆರು ತಿಂಗ್ಳಿಂದೆ ಬಂದಾಗ ಕಡ್ಡಿ ಇದ್ದಂಗಿತ್ತು. ಬೇಯ್ಸಿದ ಹುರುಳಿ, ಮೊಸರನ್ನ, ಎಲ್ಲಾ ನಾನೇ ತಿನ್ಸಿರೋದು."

"ಓತಿಕ್ಯಾತನ್ನೂ ಕೊಬ್ಬಿಸ್ಬುಟ್ಟಲ್ಲಣ್ಣ! ಇನ್ನು ಹಾಲು ಕರಿಯೋದೊಂದು ಬಾಕಿ," ಎಂದ ಆವುಲಪ್ಪ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನನಗೆ ಈಗಲೂ ಚುಚ್ಚುತ್ತದೆ. ಯಾಕೆಂದರೆ ಆ ದಿನ ಬೆಳಗಿನ ಜಾವವೇ ನಾನು ಪಚ್ಚೆಯ ಬಲಗಾಲಿನ ಬೆರಳುಗಳು ತಾವಾಗಿ ನಡುಗುವುದನ್ನು ನೋಡಿದ್ದೆ. ಅದು ಹೊಟ್ಟೆಯನ್ನು ನೆಲದಿಂದ ಎತ್ತಲಾರದೆ ಎಳೆದುಕೊಂಡು ಹೋಗುತ್ತಿತ್ತು. ಮೈ ತುಂಬಿಕೊಂಡ ಪ್ರಾಣಿ ಹೀಗೆ ತೆವಳುತ್ತದೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನನಗೆ ಗೊತ್ತಿರುವುದು ಎಷ್ಟು ಎಂದು ಸುಮ್ಮನಾದೆ.

ಇಗ್ವಾನಾ ಎಂದರೆ ಹೊರದೇಶದ ದೊಡ್ಡ ಓತಿ. ಪಚ್ಚೆ ನನ್ನ ತೋಳಿನಷ್ಟು ಉದ್ದ, ಅದರಲ್ಲಿ ಮುಕ್ಕಾಲು ಪಾಲು ಬಾಲವೇ. ನಾನು ಪ್ಯಾಕಿಂಗ್ ಮಾಡುವ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಚಂದ್ರಲೇಖಾ ಮೇಡಂಗೆ ವರ್ಗವಾದಾಗ, ಯಾರು ಸಾಕುತ್ತೀರಿ ಎಂದು ಎಲ್ಲರನ್ನೂ ಕೇಳಿದರು. ಯಾರೂ ಒಪ್ಪದಿದ್ದಾಗ ನಾನು ಒಪ್ಪಿದೆ. ಅದನ್ನು ಸಾಕಲು ಅವರು ಸರ್ಕಾರಕ್ಕೆ ಕೊಟ್ಟಿದ್ದ ಕಾಗದಗಳನ್ನು ನನ್ನ ಹೆಸರಿಗೆ ಮಾಡಿಸಿದರು. ನಾನು ಎರಡು ಸಲ ಓದಿ ಸಹಿ ಹಾಕಿದೆ. ನಮ್ಮ ಮನೆಯಲ್ಲಿ ರೇಷನ್ ಕಾರ್ಡಿನಿಂದ ಹಿಡಿದು ಕರೆಂಟ್ ಮೀಟರಿನವರೆಗೆ ಎಲ್ಲವೂ ಮಾವನ ಹೆಸರಿನಲ್ಲಿವೆ. ನನ್ನ ಹೆಸರಿನಲ್ಲಿ ಇರುವುದು ಪಚ್ಚೆಯೊಂದೇ.

ಮೇಡಂ ಅದರ ಗೂಡಿನ ಜೊತೆ ಎರಡು ದೀಪ ಕೊಟ್ಟಿದ್ದರು. ಒಂದು ಬಿಸಿ ಕೊಡುವ ಬಲ್ಬು. ಇನ್ನೊಂದು ತಣ್ಣಗೆ ಉರಿಯುವ ಟ್ಯೂಬು. ಬಂದ ಎರಡನೆಯ ವಾರವೇ ಮಾವ ಟ್ಯೂಬಿಗೆ ಕೈಯೊಡ್ಡಿ ನೋಡಿ, "ಕಾವೇ ಇಲ್ದಿರೋ ದೀಪ ಯಾಕೆ?" ಎಂದು ಕಿತ್ತು ಕೊಟ್ಟಿಗೆಗೆ ಹಾಕಿದರು. ಬೇಡ ಎನ್ನಬಹುದಿತ್ತು. ಹೇಗೂ ಗೂಡು ಕಿಟಕಿಯ ಬಳಿ ಇದೆ, ಗಾಜಿನಿಂದ ಬಿಸಿಲು ಬೀಳುತ್ತದೆ, ಸಾಕು ಅಂದುಕೊಂಡೆ. ತಪ್ಪನ್ನೆಲ್ಲ ಮಾವನ ಮೇಲೆ ಹಾಕಿದರೆ ಅದು ನ್ಯಾಯವಲ್ಲ.

ಸೋಮವಾರ ರಜೆ ಹಾಕಿದೆ. ಪಚ್ಚೆಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ತರಕಾರಿ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೊಸೂರಿನ ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಸುಬ್ರಮಣಿ ಡಾಕ್ಟರ್ ನಾಯಿ ಬೆಕ್ಕುಗಳ ಜೊತೆ ಆಮೆ, ಓತಿಗಳನ್ನೂ ನೋಡುತ್ತಾರೆ ಎಂದು ಕೇಳಿದ್ದೆ. ಅವರು ಪಚ್ಚೆಯ ತೊಡೆಯನ್ನು ಒತ್ತಲಿಲ್ಲ. ಎರಡು ಕೈಗಳ ಮೇಲೆ ಇಡೀ ಮೈಯನ್ನು ಹೊತ್ತು ಎಕ್ಸ್‌ರೇ ತೆಗೆಸಿದರು.

"ಇಂಗ ಪಾರುಂಗಮ್ಮ, ಇಲ್ನೋಡಿ," ಎಂದು ಚಿತ್ರವನ್ನು ಬೆಳಕಿಗೆ ಹಿಡಿದರು. "ಮೂಳೆ ಕಾಣಿಸ್ತಾ?"

ನನಗೆ ಮಂಜು ಕಟ್ಟಿದಂತೆ ಏನೋ ಕಂಡಿತು, ಅಷ್ಟೇ.

"ಮೂಳೇಲಿ ಸುಣ್ಣದ ಅಂಶವೇ ಇಲ್ಲ. ಅದಕ್ಕೇ ಕಾಣ್ತಿಲ್ಲ. ಮೂಳೆ ಮೆತ್ತಗಾದಾಗ ಅದನ್ನ ಹಿಡಿದು ನಿಲ್ಲಿಸೋಕೆ ಮೂಳೆ ಸುತ್ತ ನಾರು ಕಟ್ಕೊಳುತ್ತೆ. ತೊಡೆ ದಪ್ಪ ಆಗುತ್ತೆ, ದವಡೆ ಊದುತ್ತೆ. ನೋಡೋರು ಚೆನ್ನಾಗಿ ತಿಂದು ಬೆಳೆದಿದೆ ಅಂತಾರೆ."

"ನಮ್ಮ ಮನೇಲೂ ಹಾಗೇ ಅಂದ್ರು ಸಾರ್."

"ಯಾರಂದ್ರು?"

"ಮಾವ. ದನ ನೋಡೋರು."

ಅವರು ನಗಲಿಲ್ಲ. "ದನಕ್ಕೆ ಅವರ ಮಾತು ಸರಿ ಇರಬಹುದು. ಇದು ದನ ಅಲ್ಲಮ್ಮ."

ಆಮೇಲೆ ನಿಧಾನವಾಗಿ ಹೇಳುತ್ತಾ ಹೋದರು. ಗಾಜು ದಾಟಿ ಬರುವ ಬಿಸಿಲಿನಲ್ಲಿ ಇದಕ್ಕೆ ಬೇಕಾದ ಕಿರಣ ಇರುವುದಿಲ್ಲ. ಕಿತ್ತುಹಾಕಿದ ಟ್ಯೂಬು ಆ ಕಿರಣಕ್ಕೇ ಇದ್ದದ್ದು, ಈಗ ಹಳತಾಗಿ ಅದರಿಂದಲೂ ಆ ಕಿರಣ ಬರುವುದಿಲ್ಲ. ದಿನವೂ ಬೆಳಿಗ್ಗೆ ಒಂದು ಗಂಟೆ ನೇರ ಬಿಸಿಲು ಬೇಕು. ಪಕ್ಕದಲ್ಲೇ ನೆರಳೂ ಇರಬೇಕು, ಹತ್ತಿರ ಯಾರಾದರೂ ಕೂತಿರಬೇಕು. ಕಾಳು, ಮೊಸರನ್ನ ಬಂದ್. ಅಗಸೆ ಸೊಪ್ಪು, ದಾಸವಾಳದ ಎಲೆ, ಹಿಪ್ಪುನೇರಳೆ ಎಲೆ ಕೊಡಿ. ಕ್ಯಾಲ್ಸಿಯಂ ಇಷ್ಟೇ ಹನಿ, ಹೆಚ್ಚಲ್ಲ. ನಾನು ಎಲ್ಲವನ್ನೂ ಬರೆದುಕೊಂಡೆ. ಸಂಜೆ ಕಾಲೇಜಿನಲ್ಲಿ ಪಿಯುಸಿ ಓದುವಾಗ ಅಂಟಿದ ಅಭ್ಯಾಸ ಅದು, ಬರೆಯದಿದ್ದರೆ ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಬರುವುದಿಲ್ಲ.

"ಉಳಿಯುತ್ತಾ ಸಾರ್?"

"ಹೇಳಕ್ಕಾಗಲ್ಲ. ಹತ್ತು ದಿನ ಬಿಟ್ಟು ಕರ್ಕೊಂಬನ್ನಿ. ಒಂದೇ ವಿಷಯ: ಕಾಲು ಎಳೆಯೋದು, ನೀವೋದು ಏನೂ ಬೇಡ. ಮುರಿದುಹೋಗುತ್ತೆ."

ಮನೆಗೆ ಬಂದಾಗ ಒಲೆಯ ಮೇಲೆ ಹರಳೆಣ್ಣೆ ಬಿಸಿಯಾಗುತ್ತಿತ್ತು. ಅತ್ತೆ ಪಿಳ್ಳಮ್ಮ ಒಲೆಯ ಮುಂದೆ ಕೂತಿದ್ದರು.

"ಯಾರಿಗತ್ತೆ ಎಣ್ಣೆ?"

"ನಿನ್ನ ಓತಿಗಂತೆ ಕಣಮ್ಮಿ. ಕಾಲು ಎಳ್ಕಂಡು ಹೋಯ್ತದೆ ಅಂತ ನೀನು ಆಸ್ಪತ್ರೆಗೆ ಹೋದ್ಯಲ್ಲ, ನಿಮ್ಮಾವಂಗೆ ರೋಸಿಹೋಗೈತೆ."

ಕಾಲು ನಿಲ್ಲದ ಎಳೆಗರುವಿಗೆ ಮಾವ ಬಿಸಿ ಎಣ್ಣೆ ಹಚ್ಚಿ, ಕಾಲನ್ನು ನೀವಿ, ಎಳೆದು ನೆಟ್ಟಗೆ ಮಾಡುತ್ತಾರೆ. ಎಷ್ಟೋ ಕರುಗಳು ಹಾಗೆ ಎದ್ದು ನಿಂತದ್ದನ್ನು ನಾನೂ ಕಂಡಿದ್ದೇನೆ. ಅವರು ಪಂಚೆ ಎತ್ತಿ ಕಟ್ಟಿ ಜಗಲಿಯ ಮೇಲೆ ತಯಾರಾಗಿ ಕೂತಿದ್ದರು. ಎದುರಿಗೆ ಆವುಲಪ್ಪ, ಅವನ ಜೊತೆ ಕರು ತಂದಿದ್ದ ಇನ್ನಿಬ್ಬರು.

"ತತ್ತಾ ಇಲ್ಲಿ. ಏನಂದ ನಿನ್ನ ಡಾಕ್ಟ್ರು?"

ಬುಟ್ಟಿಯನ್ನು ಎದೆಗೆ ಒತ್ತಿಕೊಂಡೆ.

"ಮಾವ, ಅದು ಮೈ ತುಂಬ್ಕೊಂಡಿರೋದಲ್ಲ. ರೋಗ. ಎಕ್ಸ್‌ರೇ ತೆಗೆದು ನೋಡಿದ್ರು, ಮೂಳೆ ಮೆತ್ತಗಾಗಿದೆ."

ಮಾವನ ಮಾತಿಗೆ ನಾಲ್ಕು ಜನರ ಎದುರು ಹೀಗೆ ಎದುರು ಹೇಳಿದವರನ್ನು ನಾನು ಮದುವೆಯಾಗಿ ಬಂದ ಈ ಒಂಬತ್ತು ವರ್ಷದಲ್ಲಿ ನೋಡಿಲ್ಲ. ಹೇಳಿದವಳು ಸೊಸೆ.

"ನಲವತ್ತು ವರ್ಸದಿಂದ ಈ ಕೈಯಾಗೆ ದನ ನೋಡ್ತಾ ಇವ್ನಿ. ತೊಡೆ ಯಾವ್ದು, ಬಾವು ಯಾವ್ದು ನಂಗೊತ್ತಿಲ್ವಾ?"

"ದನದ್ದು ಗೊತ್ತು ಮಾವ. ಇದರದ್ದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಎಣ್ಣೆ ನೀವಿದ್ರೆ ಕಾಲು ಮುರಿಯುತ್ತೆ. ನಾನು ಕೊಡಲ್ಲ."

"ಕೊಡಲ್ವಾ?"

"ಕೊಡಲ್ಲ."

ಆವುಲಪ್ಪ ಮಧ್ಯೆ ಬಾಯಿ ಹಾಕಿದ. "ಬುಡಣ್ಣ, ಕಾಲೇಜು ಓದಿರೋ ಹೆಣ್ಮಗ. ನಾಳೆ ನಮ್ಮ ಎತ್ತಿಗೂ ಪೋಟೋ ತಗಸ್ತಾಳೆ."

ಮಾವನಿಗೆ ಅದನ್ನು ಸಹಿಸಲಾಗಲಿಲ್ಲ. ಎದ್ದು ನಿಂತರು. "ನನ್ನ ಮನೇಲಿ ನನ್ನ ಮಾತು ನಡೀದಿದ್ರೆ ಅದ್ನ ಎತ್ಕಂಡು ನಿಮ್ಮಮ್ಮನ ಮನೆಗೆ ಹೋಗು. ಜವಳಗಿರೀಲಿ ಕಾಡೈತೆ, ಅಲ್ಲಿ ಸಾಕ್ಕೊ ಹೋಗು."

ಈ ಮಾತು ಹಿಂದೆಯೂ ಒಂದೆರಡು ಸಲ ಬಂದಿತ್ತು. ಆಗೆಲ್ಲ ನಾನು ಅತ್ತು ಬಟ್ಟೆ ತುಂಬಿಕೊಂಡಿದ್ದೆ. ನನ್ನ ಗಂಡ ಚಿರಂಜೀವಿ ಶಿಫ್ಟು ಮುಗಿಸಿ ಬಂದು ಸಮಾಧಾನ ಮಾಡಿದ್ದ. ಈ ಸಲವೂ ಒಳಗೆ ಹೋಗಿ ಬಟ್ಟೆ ತುಂಬಿಕೊಳ್ಳೋಣ ಅನಿಸಿತು. ಆದರೆ ಬುಟ್ಟಿಯೊಳಗಿನ ತಣ್ಣನೆಯ ಮೈ ಕೈಗೆ ತಾಗಿ ಬೇರೆಯೇ ಒಂದು ಲೆಕ್ಕ ಹೊಳೆಯಿತು. ದಾರಿಯಲ್ಲಿ ತಳಿ ಊರು ದಾಟಿದರೆ ಚಳಿ ಶುರು. ಜವಳಗಿರಿಯಲ್ಲಿ ನಮ್ಮಮ್ಮನ ಮನೆಗೆ ಹತ್ತು ಗಂಟೆಯಾದರೂ ಬಿಸಿಲು ಬರುವುದಿಲ್ಲ, ಕರೆಂಟು ಹೋದರೆ ಎರಡು ದಿನ ಇಲ್ಲ. ಬಿಸಿಯಿಲ್ಲದೆ ಪಚ್ಚೆ ತಿಂದದ್ದನ್ನೂ ಅರಗಿಸಿಕೊಳ್ಳುವುದಿಲ್ಲ.

"ಹೋಗಲ್ಲ ಮಾವ."

"ಏನಂದೆ?"

"ಜವಳಗಿರಿ ಚಳಿ ಇದಕ್ಕಾಗಲ್ಲ. ಇದಕ್ಕೆ ಬಿಸಿಲು ಬೇಕು. ಬಿಸಿಲು ಇರೋದು ಇಲ್ಲಿ. ಅದಕ್ಕೇ ಹೋಗಲ್ಲ."

ಮಾವ ಒಳಗೆ ಹೋಗಿ ಬಾಗಿಲು ದಬ್ಬಿದರು. ಅತ್ತೆ ಎಣ್ಣೆಯ ಬಾಣಲೆಯನ್ನು ಇಳಿಸಿ ಒಲೆ ಆರಿಸಿದರು. "ನಿಂದೂ ಜಾಸ್ತಿ ಆಯ್ತು ಕಣಮ್ಮಿ" ಎಂದರು. ಆದರೆ ಎಣ್ಣೆಯನ್ನು ಮತ್ತೆ ಕಾಯಿಸಲಿಲ್ಲ.

ಮರುದಿನದಿಂದ ಎರಡನೆಯ ಶಿಫ್ಟಿಗೆ ಬದಲಾಯಿಸಿಕೊಂಡೆ. ಬೆಳಗಿನ ನೇರ ಬಿಸಿಲು ಬೀಳುವ ಜಾಗ ನಮ್ಮ ಮನೆಯಲ್ಲಿ ಒಂದೇ, ಜಗಲಿಯ ಬಲ ಮೂಲೆ. ಅದು ಮಾವ ಕೂರುವ ಜಾಗ. ಏಳೂವರೆಗೆ ನಾನು ಅಲ್ಲಿ ಗೂಡಿಟ್ಟು, ಅರ್ಧಕ್ಕೆ ಗೋಣಿಚೀಲ ಹೊದಿಸಿ, ಪಕ್ಕದಲ್ಲಿ ಕೂತೆ. ಮಾವ ಬಂದು ನೋಡಿದರು. ನಾನು ಏಳಲಿಲ್ಲ. ಅವರು ಎಡ ಮೂಲೆಯ ನೆರಳಿನಲ್ಲಿ ಕೂತರು. ಮೂರು ದಿನ ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳಲಿಲ್ಲ. ಬಂದವರೆಲ್ಲ ಮೊದಲು ಬಲಗಡೆ ನೋಡಿ, ನಾನು ಎದ್ದೇಳುತ್ತೇನೆಂದು ಕಾದು, ಆಮೇಲೆ ಎಡಕ್ಕೆ ತಿರುಗುತ್ತಿದ್ದರು. ಪ್ರತಿ ಸಲವೂ ನನ್ನ ಮುಖ ಬಿಸಿಯಾಗುತ್ತಿತ್ತು. ದೊಡ್ಡವರ ಜಾಗ ಹಿಡಿದು ಕೂತದ್ದು ಸರಿಯೇ ಎಂದು ದಿನವೂ ನನ್ನನ್ನೇ ಕೇಳಿಕೊಂಡೆ. ಸರಿಯಲ್ಲ ಅನಿಸಿದ ದಿನವೂ ಕೂತೆ.

ಹತ್ತನೆಯ ದಿನ ಡಾಕ್ಟರ್ ನೋಡಿ, ನಡುಕ ನಿಂತಿದೆ ಎಂದರು. ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು, ಬಾಗಿದ ದವಡೆ ಹಾಗೇ ಉಳಿಯಬಹುದು ಎಂದೂ ಹೇಳಿದರು. ನಾನು ಅದನ್ನು ಮನೆಯಲ್ಲಿ ಇದ್ದದ್ದು ಇದ್ದ ಹಾಗೇ ಹೇಳಿದೆ. ವಾಸಿಯಾಯಿತು ಎಂದು ಸುಳ್ಳು ಹೇಳಿದ್ದರೆ ಮಾತು ಸುಲಭವಾಗುತ್ತಿತ್ತು.

ಅದಾಗಿ ಒಂದು ವಾರಕ್ಕೆ ಮುನಿರತ್ನಮ್ಮ ಎನ್ನುವವರು ಬಂದರು. ಅವರ ಮೊಮ್ಮಗಳು ಸಾಕಿದ ಆಮೆಯ ಕಣ್ಣು ಊದಿಕೊಂಡು ಮುಚ್ಚಿಹೋಗಿತ್ತು. ಪಾತ್ರೆಯ ಸಮೇತ ತಂದು ಮಾವನ ಮುಂದೆ ಇಟ್ಟರು.

"ಕೈಯಿಟ್ಟು ನೋಡಪ್ಪಾ ವೆಂಕಟೇಶಪ್ಪ. ಮಗೀಗೆ ಊಟ ಸೇರ್ತಿಲ್ಲ."

ಮಾವ ಕೈ ಚಾಚಿದರು. ಆಮೆಯ ಚಿಪ್ಪಿನ ಮೇಲೆ ಬೆರಳು ಹೋಗಿ ಅಲ್ಲೇ ನಿಂತಿತು. ಕೈ ಹಿಂದಕ್ಕೆ ತೆಗೆದುಕೊಂಡರು. ನನ್ನ ಕಡೆ ನೋಡದೆ, ರಸ್ತೆಯ ಕಡೆ ನೋಡುತ್ತಾ ಹೇಳಿದರು:

"ಇಂಥವು ನಂಗೆ ಬರಾಕಿಲ್ಲ. ಅಲ್ಲಿ ಕುಂತವ್ಳಲ್ಲ, ಅವ್ಳನ್ನ ಕೇಳು."

ಮುನಿರತ್ನಮ್ಮ ಪಾತ್ರೆ ಎತ್ತಿಕೊಂಡು ನನ್ನ ಮುಂದೆ ಬಂದರು. ಆಮೆಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

"ನನಗೂ ಬರಲ್ಲ ಅಮ್ಮ," ಎಂದೆ. "ಆದ್ರೆ ಬರೋರು ಎಲ್ಲಿದಾರೆ ಅಂತ ಗೊತ್ತು. ನಡೀರಿ, ಒಂಬತ್ತರ ಬಸ್ಸಿಗೆ ಹೋಗಣ."