ಹಲಗೆಯಾದ ಮರ

ಉಸಂಬರಾ ಬೆಟ್ಟದಲ್ಲಿ ನನ್ನ ಅಕ್ಕ ಜಹಾಬುವಿನ ಮನೆ ಹಿಂದಿನ ಇಳಿಜಾರಿನಲ್ಲಿ ಎರಡು ಮ್ಸಾಂಬು ಮರಗಳಿದ್ದವು. ಮೇಲಿನದು ತೆಂಗಿನಕಾಯಿಗಿಂತ ದೊಡ್ಡ ಕಾಯಿಗಳನ್ನು ಏಲಕ್ಕಿ ಗಿಡಗಳ ನಡುವೆ ದೊಪ್ಪನೆ ಉದುರಿಸುತ್ತಿತ್ತು. ಅದರ ಬೀಜದ ಎಣ್ಣೆಯಲ್ಲೇ ಆ ಮನೆಯ ಅಡುಗೆ. ಕೆಳಗಿನ ಮರ ಹೂ ಬಿಡುವುದು, ಜೇನ್ನೊಣ ಮುತ್ತುವುದು, ಅಷ್ಟೇ. ಭಾವ ಶೆಕಲಾಘೆ ಅದನ್ನು ಸೋಮಾರಿ ಎಂದು ಕರೆಯುತ್ತಿದ್ದ.

ಅವರ ಒಬ್ಬಳೇ ಮಗಳು ಸಿಕುಜುವಾ ಹೆರಿಗೆಯಲ್ಲಿ ತೀರಿಕೊಂಡಳು. ಗೋರಿಯೊಳಗೆ ಮೈಮೇಲೆ ಮಣ್ಣು ಬೀಳದಂತೆ ಅಡ್ಡ ಇಡಲು ಹಲಗೆ ಬೇಕಾಯಿತು. ಭಾವ ಯಾರನ್ನೂ ಕೇಳದೆ ಆ ಸೋಮಾರಿ ಮರವನ್ನು ಕಡಿಸಿದ. ಇಷ್ಟು ವರ್ಷ ಯಾರಿಗೂ ಏನೂ ಕೊಡದ್ದು ನನ್ನ ಮಗಳಿಗಾದರೂ ಮರೆಯಾಗಲಿ ಎಂದ.

ಮುಂದಿನ ವರ್ಷ ಮೇಲಿನ ಮರ ಮೈತುಂಬ ಹೂ ಬಿಟ್ಟಿತು. ಒಂದು ಕಾಯಿಯೂ ನಿಲ್ಲಲಿಲ್ಲ. ಅದರ ಮುಂದಿನ ವರ್ಷವೂ ಹಾಗೇ ಆಯಿತು. ಅಕ್ಕನಿಗೆ ಕಾರಣ ತಿಳಿದಿತ್ತು. ಕಡಿದ ಮರದ ಹೂವಿನಲ್ಲಿ ಹಳದಿ ಹುಡಿ ಇರುತ್ತಿತ್ತು, ಇದರ ಹೂವಿನಲ್ಲಿ ಇಲ್ಲ. ಜೇನ್ನೊಣಗಳು ಅಲ್ಲಿಂದ ಇಲ್ಲಿಗೆ ಹಾರುವುದನ್ನು ಅವಳು ಬಟ್ಟೆ ಒಗೆಯುತ್ತ ನೋಡಿದ್ದಳು. ಅದು ಗಂಡು, ಇದು ಹೆಣ್ಣು ಎಂದು ನನಗೊಬ್ಬಳಿಗೇ ಹೇಳಿದಳು. ಭಾವನ ಕಿವಿಗೆ ಹಾಕಬೇಡವೆಂದು ಭಾಷೆ ತೆಗೆದುಕೊಂಡಳು. ಮಗಳಿಗಾಗಿ ಕೊನೆಯದಾಗಿ ಮಾಡಿದ ಕೆಲಸ, ಅದೂ ತಪ್ಪಾಯಿತು ಎಂದರೆ ಆ ಮನುಷ್ಯ ಉಳಿಯುವುದಿಲ್ಲ ಎಂಬುದು ಅವಳ ಭಯ.

ಇದೇನೂ ತಿಳಿಯದ ಭಾವ ಮರವನ್ನು ಹೆದರಿಸಲು ಹೊರಟ. ಕಾಯಿ ಬಿಡದ ಮರಕ್ಕೆ ನಮ್ಮಲ್ಲಿ ಹಾಗೆ ಮಾಡುತ್ತಾರೆ. ಒಬ್ಬರು ಕತ್ತಿ ಎತ್ತಿ ಗದರಬೇಕು, ಇನ್ನೊಬ್ಬರು ಮರದ ಪರವಾಗಿ ಬೇಡಿಕೊಂಡು ಮಾತು ಕೊಡಬೇಕು. ಮರ ಆ ಮಾತಿಗೆ ತಪ್ಪಿದರೆ ಮುಂದಿನ ವರ್ಷ ಕಡಿಯುವುದೇ. ಅಕ್ಕಪಕ್ಕದವರೆಲ್ಲ ನೋಡಲು ಬಂದರು.

ಭಾವ ಕತ್ತಿಯ ಹಿಂಬದಿಯಿಂದ ಕಾಂಡಕ್ಕೆ ಬಡಿದ. "ಏನೇ, ತಿಂದು ತಿಂದು ದಪ್ಪಗಾಗಿದೀಯಲ್ಲ, ಕಾಯಿ ಎಲ್ಲೇ?"

"ಜೋರಾಗಿ ಕೇಳೋ," ಎಂದ ನೆರೆಮನೆಯ ಕಿಬುವಾ. "ವಯಸ್ಸಾಗಿದೆ, ಕಿವಿ ಮಂದ ಅದಕ್ಕೆ. ನಿನ್ ಹಾಗೇ."

ಜನ ನಕ್ಕರು. ಮರದ ಪರವಾಗಿ ಮಾತಾಡಬೇಕಾದವಳು ಅಕ್ಕ.

"ಹೇಳೇ, ಸಿಕು ಅಮ್ಮ," ಎಂದು ಭಾವ ಮೆಲ್ಲಗೆ ನೆನಪಿಸಿದ. "ಕಡೀಬೇಡ, ಬರೋ ವರ್ಷ ಬಿಡ್ತೀನಿ ಅನ್ನು."

ಆ ಮಾತು ಕೊಟ್ಟರೆ ಬರುವ ವರ್ಷ ಈ ಮರವೂ ಬೀಳುತ್ತದೆ. ಅಕ್ಕ ಕಾಂಡದ ಮೇಲೆ ಅಂಗೈ ಇಟ್ಟಳು. ಕಣ್ಣೆತ್ತಲಿಲ್ಲ.

"ಎಲ್ಲಿಂದ ಬಿಡ್ಲಿ?" ಎಂದಳು ಮರದ ಪರವಾಗಿ. "ನನ್ ಗಂಡನ್ನ ನಿನ್ ಮಗಳ ಜೊತೆ ಮಣ್ಣು ಮಾಡಿದೀಯಲ್ಲ."

ಕಿಬುವಾ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಭಾವ ಕೆಳಗೆ ಕಡಿದ ಮರದ ಮೋಟನ್ನು ನೋಡಿದ, ಈ ಮರದ ಕೊಂಬೆಗಳನ್ನು ನೋಡಿದ. ಕತ್ತಿ ಕೆಳಗಿಟ್ಟು, ಯಾವಾಗಿಂದ ಗೊತ್ತು ಎಂದು ಕೇಳಿದ. ಮೊದಲನೇ ವರ್ಷದ ಹೂವಿನಿಂದ ಎಂದಳು ಅಕ್ಕ. ಬಂದವರು ಒಬ್ಬೊಬ್ಬರಾಗಿ ಎದ್ದುಹೋದರು.

ಮಳೆ ಹಿಡಿದಾಗ ಏಲಕ್ಕಿಯ ನಡುವೆ ಎರಡು ಮ್ಸಾಂಬು ಸಸಿ ಎದ್ದವು. ಹೆಗ್ಗಣಗಳು ಎಂದೋ ಬೀಜ ಹೂತು ಮರೆತಿದ್ದ ಜಾಗ. ಭಾವ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಇದರಲ್ಲಿ ಗಂಡು ಯಾವುದು?"

"ಹೂ ಬಿಟ್ಟಾಗಲೇ ತಿಳಿಯೋದು."

"ಯಾವಾಗ ಬಿಡ್ತವೆ?"

"ಆಗ ನಾವಿರಲ್ಲ," ಎಂದಳು ಅಕ್ಕ.

ಅವನು ಎರಡಕ್ಕೂ ಬೇಲಿ ಕಟ್ಟಿದ. ಆ ವರ್ಷವೂ ಮೇಲಿನ ಮರ ಹೂ ಬಿಟ್ಟಿತು. ಅಕ್ಕ ಬೆಳಗಿನ ನಮಾಜು ಮುಗಿಸಿ ಏಳುವುದರೊಳಗೆ ಭಾವ ಹಿತ್ತಲಿಗೆ ಹೋಗಿ, ಉದುರಿದ ಹೂವನ್ನೆಲ್ಲ ಅವಳ ಕಣ್ಣಿಗೆ ಬೀಳದಂತೆ ಗುಡಿಸಿ ತೆಗೆದುಬಿಡುತ್ತಿದ್ದ.