ಡ್ರ್ಯಾಗನ್ ಬರೆದ ಕೈ

ಅಕ್ಕ ಬಾವಲಿಗಳನ್ನು ಅಳೆಯುತ್ತಿದ್ದಳು, ತಂಗಿ ಅವುಗಳ ಚಿತ್ರ ಬರೆಯುತ್ತಿದ್ದಳು. ಒಂದೇ ಮ್ಯೂಸಿಯಮ್ಮಿನ ಒಂದೇ ಕೋಣೆಯಲ್ಲಿ, ಎದುರುಬದುರು ಮೇಜುಗಳಲ್ಲಿ, ಇಪ್ಪತ್ತೆರಡು ವರ್ಷ. ಇಬ್ಬರೂ ಮದುವೆಯಾಗಿರಲಿಲ್ಲ, ಮನೆಯೂ ಒಂದೇ. ಜೊತೆಯವರು ಅಕ್ಕನನ್ನು ಬೆನ್ನ ಹಿಂದೆ 'ಬಾವಲಕ್ಕ' ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಇಬ್ಬರೂ ಸೇರಿ ಮಾಡಿದ ಬಾವಲಿಗಳ ಪುಸ್ತಕ ಮೂರು ಸಂಪುಟಗಳಲ್ಲಿ ಬಂದಾಗ ಲೈಬ್ರರಿಯವರನ್ನು ಬಿಟ್ಟು ಯಾರೂ ಕೊಳ್ಳಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದು ತಂಗಿ ನೊಂದುಕೊಂಡರೆ, "ಓದ್ತೀವಿ ಅಂತ ಬಾವಲಿಗಳೇನು ಮಾತು ಕೊಟ್ಟಿದ್ವಾ?" ಎಂದು ಅಕ್ಕ ನಕ್ಕಿದ್ದಳು.

ಆಗ ಒಬ್ಬ ಪ್ರಕಾಶಕ ತಂಗಿಯನ್ನು ಹುಡುಕಿಕೊಂಡು ಬಂದ. ಡ್ರ್ಯಾಗನ್‌ಗಳು ನಿಜವಾದ ಪ್ರಾಣಿಗಳೇ ಆಗಿದ್ದರೆ ಅವುಗಳ ಮೂಳೆ, ಮಾಂಸಖಂಡ, ಮೊಟ್ಟೆ, ಗೂಡು ಹೇಗಿರುತ್ತಿದ್ದವು, ಎಲ್ಲವನ್ನೂ ಪ್ರಾಣಿಶಾಸ್ತ್ರದ ಪುಸ್ತಕದ ಹಾಗೆ ಬರೆದುಕೊಡಬೇಕು ಎಂದ. ತಂಗಿಗೆ ಆಸೆಯಾಯಿತು.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ. ಇಲ್ಲದ ಪ್ರಾಣಿಗೆ ಮೂಳೆ ಎಣಿಸ್ತೀಯಾ?" ಎಂದು ಅಕ್ಕ ಮೂಗು ಮುರಿದಳು. ಆದರೂ ಎರಡೇ ದಿನಕ್ಕೆ ತಂಗಿಯ ಹಿಂದೆ ನಿಂತು ಬಗ್ಗಿ ನೋಡಿದಳು.

"ನಾಲ್ಕು ಕಾಲೂ ಕೊಟ್ಟು ಮೇಲೆ ರೆಕ್ಕೇನೂ ಅಂಟಿಸಿದೀಯಲ್ಲೇ! ಬೆನ್ನುಮೂಳೆ ಇರೋ ಯಾವ ಪ್ರಾಣಿಗೆ ಆರು ಕೈಕಾಲಿದೆ?"

"ಮತ್ತೆ ಹೆಂಗಕ್ಕ?"

"ಮುಂಗಾಲೇ ರೆಕ್ಕೆ ಆಗ್ಬೇಕು. ಇಲ್ಲಿ ನೋಡು." ಅಕ್ಕ ಡ್ರಾಯರ್ ಎಳೆದು, ಒಣಗಿಸಿಟ್ಟ ಬಾವಲಿಯೊಂದನ್ನು ತೆಗೆದು, ರೆಕ್ಕೆಯೊಳಗಿನ ಬೆರಳುಗಳನ್ನು ಪೆನ್ಸಿಲ್ ತುದಿಯಿಂದ ತೋರಿಸಿದಳು.

ಆಮೇಲೆ ಅವಳೇ ಬಿಡಲಿಲ್ಲ. ಅಷ್ಟು ಭಾರ ಮೇಲೇರಬೇಕಾದರೆ ಎದೆಮೂಳೆ ಎಷ್ಟು ಅಗಲವಿರಬೇಕು, ಮರಿಯ ರೆಕ್ಕೆ ಎಷ್ಟು ದಿನಕ್ಕೆ ಬಲಿಯಬೇಕು, ಎಲ್ಲಕ್ಕೂ ಲೆಕ್ಕ ಹಾಕಿಕೊಟ್ಟಳು. ಆ ವರ್ಷ ನಕ್ಕಷ್ಟು ಅವರಿಬ್ಬರೂ ಎಂದೂ ನಕ್ಕಿರಲಿಲ್ಲ.

ಪುಸ್ತಕ ಮನೆಮನೆಗೂ ಹೋಯಿತು. ಮಕ್ಕಳು ಮ್ಯೂಸಿಯಮ್ಮಿಗೆ ಬಂದು ಡ್ರ್ಯಾಗನ್ ಎಲ್ಲಿ ಎಂದು ಕೇಳತೊಡಗಿದರು. ನಿರ್ದೇಶಕರು ತಂಗಿಯನ್ನು ಕರೆಸಿದರು. ಡ್ರ್ಯಾಗನ್‌ಗಳಿಗೊಂದು ಕೋಣೆ ಮಾಡಬೇಕು, ಗಾಳಿ ಬೆಳಕಿರುವುದು ಬಾವಲಿ ಕೋಣೆಗೇ, ಬಾವಲಿಗಳನ್ನಿಟ್ಟ ಬೀರುಗಳು ಮೂರು ತಿಂಗಳು ಹಿತ್ತಲ ಗೋದಾಮಿನಲ್ಲಿರಲಿ ಎಂದರು. "ಅಕ್ಕನಿಗೆ ನೀವೇ ಹೇಳ್ಬಿಡಿ. ನಾನು ಹೇಳಿದ್ರೆ ಹಾರಾಡ್ತಾರೆ."

ಅಕ್ಕ ಆಗ ಗವಿಗಳಲ್ಲಿ ಬಾವಲಿ ಎಣಿಸಲು ಒಂದು ತಿಂಗಳು ಹೋಗಿದ್ದಳು. ಭಾನುವಾರ ಭಾನುವಾರ ಫೋನ್ ಮಾಡುತ್ತಿದ್ದಳು. ಮೂರು ಭಾನುವಾರವೂ ತಂಗಿ ಗ್ಯಾಸ್ ಮುಗಿದದ್ದು, ನಲ್ಲಿ ಸೋರುತ್ತಿದ್ದದ್ದು ಹೇಳಿದಳೇ ಹೊರತು ಬೀರುಗಳ ಸುದ್ದಿ ಎತ್ತಲಿಲ್ಲ. ಒಪ್ಪಿಗೆಯ ಕಾಗದಕ್ಕೆ ಮಾತ್ರ ಸಹಿ ಹಾಕಿದಳು. ಹೊಸ ಕೋಣೆಯ ಬಾಗಿಲಿಗೆ ಅವಳ ಹೆಸರು ಬರೆಸುತ್ತೇವೆ ಎಂದಿದ್ದರು.

ಅಕ್ಕ ವಾಪಸು ಬಂದ ದಿನ ಬಾವಲಿ ಕೋಣೆಯ ಮುಂದೆ ಮಕ್ಕಳ ಸಾಲಿತ್ತು. ಬೀರುಗಳೆಲ್ಲಿ ಎಂದು ಕಾವಲುಗಾರನನ್ನು ಕೇಳಿ ಅವಳು ನೇರ ಗೋದಾಮಿಗೆ ಹೋದಳು. ಸೂರು ಸೋರಿತ್ತು, ಹುಳ ಬಿದ್ದಿತ್ತು. ಡ್ರಾಯರ್‌ಗಳನ್ನು ಒಂದೊಂದಾಗಿ ಎಳೆದಳು. ಒಂದರಲ್ಲಿ, ಹೆಬ್ಬೆರಳಿಗಿಂತ ಸಣ್ಣದೊಂದು ಬೂದು ಬಾವಲಿ ಇರಬೇಕಾಗಿತ್ತು. ಹದಿನೆಂಟು ವರ್ಷಗಳ ಹಿಂದೆ ಒಂದು ಗುಡ್ಡದ ಗವಿಯಲ್ಲಿ ಅವಳಿಗೆ ಸಿಕ್ಕಿದ್ದು. ಆ ಜಾತಿಯ ಇನ್ನೊಂದು ಬಾವಲಿ ಬೇರೆ ಯಾವ ಮ್ಯೂಸಿಯಮ್ಮಿನಲ್ಲೂ ಇರಲಿಲ್ಲ. ಈಗ ಇದ್ದದ್ದು ಚೀಟಿ ಮತ್ತು ಒಂದು ಚಿಟಿಕೆ ಪುಡಿ.

"ನಿಂಗೆ ಗೊತ್ತಿತ್ತಾ?" ಎಂದು ಸಂಜೆ ಮನೆಯಲ್ಲಿ ತಂಗಿಯನ್ನು ಕೇಳಿದಳು.

"ಮೂರೇ ತಿಂಗಳು ಅಂದಿದ್ರಕ್ಕ..."

"ಗೊತ್ತಿತ್ತಾ ಅಂತ ಕೇಳ್ದೆ."

"ಗೊತ್ತಿತ್ತು."

ಮರುವರ್ಷ ಆ ಗುಡ್ಡದಲ್ಲಿ ಕಲ್ಲು ಕ್ವಾರಿ ಮಾಡುತ್ತಾರೆಂದು ಸುದ್ದಿ ಬಂತು. ಬೂದು ಬಾವಲಿ ಅಪರೂಪದ ಪ್ರಾಣಿಗಳ ಪಟ್ಟಿಗೆ ಸೇರಿದರೆ ಕೆಲಸ ನಿಲ್ಲುತ್ತಿತ್ತು. ಅಕ್ಕ ತಜ್ಞರ ಸಮಿತಿಗೆ ಬರೆದಳು, ಜೊತೆಗೆ ತಂಗಿ ಬರೆದ ಅದರ ಚಿತ್ರವಿದ್ದ ಸಂಪುಟವನ್ನೂ ಕಳಿಸಿದಳು. ಅವರು ಬಾವಲಿಯನ್ನೇ ಕಳಿಸಿ ಎಂದರು. ಹಾಳಾಗಿದೆ, ಇನ್ನೊಂದು ಸಿಕ್ಕಿಲ್ಲ ಎಂದು ಉತ್ತರಿಸಬೇಕಾಯಿತು.

ಎರಡು ತಿಂಗಳಿಗೆ ಕಾಗದ ಬಂತು. "ಓದು," ಎಂದು ಅಕ್ಕ ಅದನ್ನು ಊಟದ ಮೇಜಿನ ಮೇಲೆ ತಳ್ಳಿದಳು. ತಂಗಿ ಗಟ್ಟಿಯಾಗಿಯೇ ಓದಿದಳು: 'ಉಳಿದಿರುವ ಆಧಾರ ಒಂದು ಚಿತ್ರ ಮಾತ್ರ. ಇಲ್ಲದ ಪ್ರಾಣಿಗಳನ್ನು ನಂಬುವಂತೆ ಬರೆಯುವುದರಲ್ಲಿ ಈ ಕಲಾವಿದೆ ಹೆಸರಾದವರು. ಆದ್ದರಿಂದ ಈ ಚಿತ್ರವನ್ನು ಪುರಾವೆಯಾಗಿ ಒಪ್ಪಲಾಗದು.'

"ಎದುರಿಗಿಟ್ಕೊಂಡು ಬರ್ದಿದ್ದು ಅಕ್ಕಾ ಅದನ್ನ! ಕಿವಿ ಮೇಲಿನ ಕೂದಲೂ ಎಣಿಸಿ ಬರ್ದಿದೀನಿ."

"ನಂಗೊತ್ತು. ಪಕ್ಕದಲ್ಲೇ ಇದ್ನಲ್ಲ." ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ತಂಗಿಗೆ ಅನ್ನಿಸಿತು.

ಬೇಸಿಗೆಯಲ್ಲಿ ಗುಡ್ಡಕ್ಕೆ ಸಿಡಿಮದ್ದು ಇಟ್ಟರು. ಅಕ್ಕ ಹೋಗಿ ನೋಡಿಕೊಂಡು ಬಂದಳು.

ಬೀರುಗಳು ಗೋದಾಮಿನಿಂದ ವಾಪಸು ಬರಲೇ ಇಲ್ಲ, ಅವಿಲ್ಲದ ಮೇಲೆ ಅವಳಿಗೆ ಮ್ಯೂಸಿಯಮ್ಮಿನಲ್ಲಿ ಕೆಲಸವೂ ಇರಲಿಲ್ಲ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಶಾಲೆಯ ಮಕ್ಕಳಿಗೆ ಡ್ರ್ಯಾಗನ್‌ಗಳ ವಿವರಣೆ ಕೊಡಿ ಎಂದರು ನಿರ್ದೇಶಕರು. ಆಗಲಿ ಎಂದಳು. ತಂಗಿ ಪಕ್ಕದ ಕೋಣೆಯಲ್ಲಿ ಕೂತು, ಕುಂಚ ಕೈಯಲ್ಲಿ ಹಿಡಿದು, ಗೋಡೆಯಾಚೆಯ ದನಿಯನ್ನು ಕೇಳಿಸಿಕೊಳ್ಳುತ್ತಿದ್ದಳು. ಅಕ್ಕ ಚೆನ್ನಾಗಿಯೇ ವಿವರಿಸುತ್ತಿದ್ದಳು. ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದರು, ಬೇರೆ ಬೇರೆ ಸೀಟಿನಲ್ಲಿ.